ಲಕ್ಷ್ಮೀಪುರಂನ ಕಾಲಿಲ್ಲದ ದೆವ್ವ

ನಮ್ಮ ಸೋದರಮಾವನಿಗೆ ದೆವ್ವ ಭೂತಗಳಲ್ಲಿ ಎಳ್ಳಷ್ಟೂ ನಂಬಿಕೆಯಿಲ್ಲ. ಆದರೆ ಒಂದಿಡೀ ಧನುರ್ಮಾಸ ಲಕ್ಷ್ಮೀಪುರಂನ ಜನ ಬಾಗಿಲು ಭದ್ರ ಮಾಡಿಕೊಂಡು ನಡುಗಿದ್ದು ಯಾರಿಗೆ ಅಂತೀರಿ? ಇವರಿಗೇ!

ಎರಡು ಸಾವಿರದ ಏಳೋ ಎಂಟೋ ಇರಬೇಕು. ಬ್ಯಾಟರಿಯಲ್ಲಿ ಓಡುವ ಸ್ಕೂಟರ್‌ಗಳು ಮೈಸೂರಿಗೆ ಆಗತಾನೆ ಬಂದಿದ್ದವು. ಅತ್ತೆಗೆ ಉಬ್ಬಸ. ಪೆಟ್ರೋಲ್ ಹೊಗೆ ಮೂಗಿಗೆ ಬಡಿದರೆ ಸಾಕು, ಎದೆಯೊಳಗೆ ಸಿಳ್ಳೆ ಶುರು. ಧನುರ್ಮಾಸದ ತಿಂಗಳು ಪೂರ್ತಿ ಬೆಳಗಿನ ಜಾವದ ಪೂಜೆಗೆ ಚಾಮರಾಜಪುರಂನ ಈಶ್ವರನ ಗುಡಿಗೆ ಹೋಗುವುದು ಮದುವೆಯಾದಾಗಿನಿಂದ ಅವರು ನಡೆಸಿಕೊಂಡು ಬಂದ ವ್ರತ. ಈಗ ಆ ಚಳಿಯಲ್ಲಿ ನಡೆಯಲಾರರು, ಆಟೋ ಹತ್ತಲಾರರು. ಹಿಂದಿನ ವರ್ಷ ವ್ರತ ತಪ್ಪಿದಾಗ ತಿಂಗಳೆಲ್ಲ ಯಾರ ಹತ್ತಿರವೂ ಸರಿಯಾಗಿ ಮಾತಾಡಿರಲಿಲ್ಲ. ಮಾವ ಹಳೇ ಸ್ಕೂಟರನ್ನು ಮಾರಿ, ಹೊಗೆಯಿಲ್ಲದ, ಸದ್ದಿಲ್ಲದ ಈ ಗಾಡಿ ತಂದರು.

ತಂದಮೇಲೆ ಗೊತ್ತಾಯಿತು, ಇದಕ್ಕೂ ಚಳಿಯಾಗುತ್ತದೆ! ಡಿಸೆಂಬರ್ ಬಂದದ್ದೇ ಬ್ಯಾಟರಿ ಸುಸ್ತಾಗತೊಡಗಿತು. ಮಾವ ಏನು ಮಾಡಿದರು ಅಂದುಕೊಂಡಿರಿ? ಬಾಣಂತನ! ಬ್ಯಾಟರಿಯನ್ನು ಬಿಚ್ಚಿ, ಮನೆಯ ಹಿಂಬದಿಯ ಬಾಣಂತಿ ಕೋಣೆಯಲ್ಲಿ ಮಲಗಿಸಿದರು. ಕೆಳಗೆ ಗೋಣಿಚೀಲ, ಮೇಲೆ ರಗ್ಗು, ಕಿಟಕಿಯ ಸಂದಿಗೆ ಹಳೇ ಪಂಚೆ. ಮೈಸೂರಿಗೆ ವರ್ಗವಾಗಿ ಬಂದ ನಾನು ಬಾಡಿಗೆ ಮನೆ ಸಿಗುವವರೆಗೆ ಅವರಲ್ಲೇ ಇದ್ದೆ. ಮೊದಲ ಸಂಜೆ ಟವೆಲ್ ಹುಡುಕುತ್ತ ಆ ಕೋಣೆಗೆ ಇಣುಕಿದರೆ, ಕತ್ತಲಲ್ಲಿ ಒಂದೇ ಒಂದು ಕೆಂಪು ಕಣ್ಣು!

"ಬೆಚ್ಚಗಿದ್ದೀಯಾ ಮಗಾ?" ಎಂಬ ಪಿಸುದನಿ. "ನಾಳೆ ಕೈ ಕೊಡ್ಬೇಡ ಕಣೋ."

ನೋಡುತ್ತಿದ್ದ ಹಾಗೇ ಆ ಕೆಂಪು ಕಣ್ಣು ಹಸಿರಾಯಿತು. "ಬಾಗ್ಲು ಹಾಕೋ! ಚಳಿ ಒಳಕ್ಕೆ ಬರ್ತದೆ!" ಎಂದು ಕತ್ತಲೇ ನನ್ನನ್ನು ಗದರಿತು. ಕಣ್ಣೆಂದರೆ ಚಾರ್ಜರ್‌ನ ದೀಪ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತವರು ಮಾವ.

ಚಾರ್ಜ್ ಉಳಿಯಲೆಂದು ಅವರು ಹೆಡ್‌ಲೈಟ್ ಹಾಕುತ್ತಿರಲಿಲ್ಲ, ಹಾರನ್ ಒತ್ತುತ್ತಿರಲಿಲ್ಲ. ಅತ್ತೆಗೆ ಗಾಳಿ ತಾಗದಿರಲೆಂದು ಇಬ್ಬರೂ ಒಂದೇ ಬಿಳೀ ಕಂಬಳಿಯನ್ನು ಹೊದ್ದು, ಮಂಕಿ ಕ್ಯಾಪ್ ಏರಿಸಿ ಹೊರಡುತ್ತಿದ್ದರು. ನೀವೇ ಹೇಳಿ, ಮಂಜು ಕವಿದ ಬೀದಿಯಲ್ಲಿ ಎರಡು ತಲೆಯ, ಕಾಲೇ ಇಲ್ಲದ ಬಿಳೀ ಆಕಾರವೊಂದು ಸದ್ದಿಲ್ಲದೆ ತೇಲಿಕೊಂಡು ಬಂದರೆ?

ಹಾಲಿನವನು ಅತ್ತೆಯ ಹತ್ತಿರವೇ ಬಂದು ಹೇಳಿದ: "ಅಮ್ಮಾವ್ರೇ, ಕಣ್ಣಾರೆ ಕಂಡೆ. ಕಾಲಿಲ್ಲ ಕಣಮ್ಮ ಅದ್ಕೆ! ಅತ್ರ ಬಂದಾಗ ಸಣ್ಣಕೆ ಸಿಳ್ಳೆ ಬೇರೆ ಆಕ್ತು. ಆಲಿನ ಕ್ಯಾನು ಬುಟ್ಟು ಓಡ್ಬುಟ್ಟೆ."

"ಅಯ್ಯೋ ಶಿವನೇ! ನಾವೂ ಅದೇ ಹೊತ್ಗೇ ಓಡಾಡೋದಲ್ಲಪ್ಪ!" ಎಂದರು ಅತ್ತೆ. ಮಾರನೆಯ ದಿನದಿಂದ ಮಾವನನ್ನು ಇನ್ನಷ್ಟು ಬಿಗಿಯಾಗಿ ಹಿಡಿದು ಕೂತರು.

ದೆವ್ವವನ್ನು ತಡೆಯಲು ಬೀದಿಯವರು ತಿರುವಿನಲ್ಲಿ ಕುಂಕುಮ ಹಚ್ಚಿದ ನಿಂಬೆಹಣ್ಣು ಇಡತೊಡಗಿದರು. ಮಾವನಿಗೆ ಆನಂದವೋ ಆನಂದ! "ನೋಡೇ, ಯಾರೋ ಪುಣ್ಯಾತ್ಮರು ನಮ್ಮ ಗಾಡಿಗೆ ಪೂಜೆ ಮಾಡವ್ರೆ!" ಆಯುಧಪೂಜೆಯಲ್ಲಿ ಮಾಡುವ ಹಾಗೆ ದಿನವೂ ಭಕ್ತಿಯಿಂದ ಅದರ ಮೇಲೆ ಚಕ್ರ ಹತ್ತಿಸಿಕೊಂಡು ಹೋದರು. ಬೆಳಗಾಗಿ ನೋಡಿದವರಿಗೆ ನಿಂಬೆಹಣ್ಣು ಅಪ್ಪಚ್ಚಿ! ಮಂತ್ರಿಸಿಟ್ಟದ್ದನ್ನೇ ತುಳಿದು ಹೋಗುವ ದೆವ್ವವೆಂದರೆ ಸಾಮಾನ್ಯವೇ? ಆಮೇಲೆ ಆ ತಿರುವಿನ ಮನೆಗಳಲ್ಲಿ ಬಿಸಿಲೇರುವ ತನಕ ಯಾರೂ ಬಾಗಿಲು ತೆಗೆಯಲಿಲ್ಲ.

ಸಂಕ್ರಾಂತಿ ಹತ್ತಿರವಾಗಿತ್ತು. ಒಂದು ಬೆಳಿಗ್ಗೆ ಅವರು ಗುಡಿಯಿಂದ ಎಂದಿನ ಹೊತ್ತಿಗೆ ಬರಲಿಲ್ಲ. ಹುಡುಕಿಕೊಂಡು ಹೊರಟೆ. ಚಾಮುಂಡಿ ಬೆಟ್ಟ ಹಾಗಿರಲಿ, ಎದುರು ಮನೆಯ ಗೇಟೇ ಕಾಣದಷ್ಟು ಮಂಜು. ಅದರೊಳಗಿನಿಂದ ಆ ಬಿಳೀ ಆಕಾರ ಮೆಲ್ಲಗೆ ಬಂತು. ಇವರೇ ಎಂದು ಗೊತ್ತಿದ್ದೂ ಎರಡು ಹೆಜ್ಜೆ ಹಿಂದೆ ಸರಿದೆ. ಏಕೆಂದರೆ ಇವತ್ತು ಸದ್ದಿತ್ತು! ಸರ್... ಸರ್... ಯಾರೋ ಕಾಲೆಳೆದುಕೊಂಡು ಬರುವ ಸದ್ದು. ಹತ್ತಿರವಾದಾಗ ಕಂಬಳಿಯ ಅಂಚಿನಡಿ ಕಂಡವು, ಎರಡು ಕಾಲು.

ಬ್ಯಾಟರಿ ಸತ್ತಿತ್ತು. ಮಾವ ಸೀಟಿನ ಮೇಲೆ ಕೂತೇ, ನೆಲಕ್ಕೆ ಕಾಲೊತ್ತಿ ಒತ್ತಿ ಗಾಡಿಯನ್ನು ಮುಂದೆ ತಳ್ಳುತ್ತಿದ್ದರು. ಆ ಚಳಿಯಲ್ಲೂ ಮುಖದ ತುಂಬ ಬೆವರು. ಹಿಂದೆ ಅತ್ತೆ ಕಣ್ಣು ಮುಚ್ಚಿ ಕೂತಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮಾವ ತುಟಿಗೆ ಬೆರಳಿಟ್ಟು ಕಣ್ಣಲ್ಲೇ ಬೇಡಿಕೊಂಡರು. ಗಾಡಿ ನಿಂತದ್ದು ಗೊತ್ತಾದರೆ ಅತ್ತೆ ಇಳಿದು ನಡೆಯುತ್ತಾರೆ. ನಡೆದರೆ ಉಬ್ಬಸ ಏಳುತ್ತದೆ, ವ್ರತ ಅಲ್ಲಿಗೆ ನಿಲ್ಲುತ್ತದೆ. ನಾನು ಸುಮ್ಮನೆ ಜೊತೆಗೆ ನಡೆದೆ.

ಮನೆಗೆ ಬಂದಮೇಲೆ ಅತ್ತೆ ಅಡುಗೆಮನೆಯಲ್ಲಿ ಎಣ್ಣೆ ಬಿಸಿಮಾಡುತ್ತಿದ್ದರು. ಯಾಕೆಂದು ಕೇಳಿದೆ.

"ನಿಮ್ಮಾವನ ಕಾಲಿಗೆ ತಿಕ್ಕೋಕೆ. ಗಾಡಿ ಸತ್ತದ್ದು ನಂಗೆ ಗೊತ್ತಾಗ್ಲಿಲ್ಲ ಅಂದ್ಕಂಡವ್ರೆ, ಪಾಪ."

"ಗೊತ್ತಿದ್ದೂ ಇಳೀಲಿಲ್ವಾ ಅತ್ತೆ?"

"ಇಳಿದ್ರೆ ಅವ್ರ ಮನಸ್ಸು ತಡೆಯಲ್ಲ ಕಣೋ." ಅತ್ತೆ ದನಿ ತಗ್ಗಿಸಿದರು. "ಎದೆ ಸಿಳ್ಳೆ ಕೇಳಿದ್ರೆ ಹೆದರ್ಕಂತಾರೆ ಅಂತ, ದಾರಿಯುದ್ದ ಉಸ್ರು ಬಿಗಿಹಿಡ್ಕಂಡು ಕೂತಿದ್ದೆ."

ಅಷ್ಟರಲ್ಲಿ ಬಾಣಂತಿ ಕೋಣೆಯಿಂದ ಮಾವನ ಪಿಸುದನಿ ಕೇಳಿಸಿತು: "ಹೋಗ್ಲಿ ಬುಡು ಮಗಾ. ಅವಳ್ಗೇನೂ ಗೊತ್ತಾಗ್ಲಿಲ್ಲ."