ಕಥಾನಾಯಕರು ಪೂರ್ವಾನುಮತಿಯಿಲ್ಲದೆ ಮನಸ್ಸು ಕರಗಿಸಿಕೊಳ್ಳುತ್ತಿರುವ ಬಗ್ಗೆ

ಕಾದಂಬರಿ ಪಾತ್ರಗಳ ಪರಿವರ್ತನಾ ನಿಯಂತ್ರಣ ಇಲಾಖೆ

ಸಂಖ್ಯೆ: ಕಾಪಾಪನಿ/ನಾಯಕ/ಕರಗುವಿಕೆ/7

ವಿಷಯ: ಬೀಗ ರಿಪೇರಿಯವನು ತನ್ನ ಅಕ್ಕನ ಮನೆಯೊಳಗೆ ಹೋದದ್ದು ಹಾಗೂ ತತ್ಸಂಬಂಧಿತ ನಿಯಮಗಳು.

ಉಲ್ಲೇಖ: 1. ಸದರಿ ರಿಪೇರಿಯವನು ಕಥಾನಾಯಕನಾಗಿರುವ ಕಾದಂಬರಿಯ ಲೇಖಕಿಯವರು, ಅವನ ಮನಸ್ಸು ಕರಗಿಸಲು ಅನುಮತಿ ಕೋರಿದ ಅರ್ಜಿ.
2. ಸದರಿ ಅಕ್ಕನ ವಿವರಣೆ (ಮೌಖಿಕ, ಏರುದನಿಯಲ್ಲಿ).

ಮೊದಲ ಅಧ್ಯಾಯದಲ್ಲಿ ಕಲ್ಲಿನಂತಿದ್ದ ಕಥಾನಾಯಕರು ಕೊನೆಯ ಅಧ್ಯಾಯದ ಹೊತ್ತಿಗೆ ಬೆಣ್ಣೆಯಾಗುತ್ತಿರುವುದು ಇಲಾಖೆಯ ಗಮನಕ್ಕೆ ಬಂದಿದೆ. ಬದಲಾವಣೆಗೆ ಇಲಾಖೆಯ ಆಕ್ಷೇಪಣೆಯಿಲ್ಲ. ಇಲಾಖೆಯನ್ನು ಕೇಳದೆ ಬದಲಾಗುವುದಕ್ಕೆ ಇದೆ. ಆದುದರಿಂದ ಸಂಬಂಧಪಟ್ಟ ಸಮಸ್ತ ಲೇಖಕರಿಗೂ ಪಾತ್ರಗಳಿಗೂ ಕೆಳಕಂಡಂತೆ ತಿಳಿಯಪಡಿಸಲಾಗಿದೆ.

1. ಪರಿವರ್ತನೆಯು ಹಂತಹಂತವಾಗಿ ಆಗತಕ್ಕದ್ದು. ರಾತ್ರೋರಾತ್ರಿ ಒಳ್ಳೆಯವರಾದವರ ಒಳ್ಳೆಯತನವನ್ನು ಬೆಳಿಗ್ಗೆ ಕಚೇರಿ ತೆರೆದ ಕೂಡಲೇ ಹಿಂಪಡೆಯಲಾಗುವುದು. ಸ್ಥಿರತೆಯ ವಿಷಯದಲ್ಲಿ ಮಾನ್ಯ ನಿರ್ದೇಶಕರನ್ನೇ ಮಾದರಿಯಾಗಿ ಪರಿಗಣಿಸುವುದು. ಅವರು ತಮ್ಮ ಸ್ವಂತ ತಮ್ಮನೊಡನೆ ಬಿಟ್ಟ ಮಾತನ್ನು ಇಂದಿನವರೆಗೂ ಮತ್ತೆ ಆಡಿರುವುದಿಲ್ಲ.

2. ಕನ್ನಡಿಯ ಮುಂದೆ ನಿಂತು ತನ್ನನ್ನು ತಾನು ಅರಿಯುವ ಸೌಲಭ್ಯವು ಅತಿಬಳಕೆಯ ಕಾರಣ ರದ್ದಾಗಿದೆ. ಇನ್ನು ಮುಂದೆ ಕನ್ನಡಿಯನ್ನು ಕ್ಷೌರಕ್ಕೆ ಮಾತ್ರ ಬಳಸತಕ್ಕದ್ದು.

3. ಭಾಗಶಃ ಪಶ್ಚಾತ್ತಾಪಕ್ಕೆ ಒಂದು ಕಣ್ಣು ಮಾತ್ರ ತೇವವಾಗತಕ್ಕದ್ದು. ಎರಡೂ ಕಣ್ಣುಗಳ ಬಳಕೆಗೆ ಶಾಖಾ ಮುಖ್ಯಸ್ಥರ ಶಿಫಾರಸು ಕಡ್ಡಾಯ. ಮೂಗು ಸೋರುವುದು ಪಾತ್ರದ ಸ್ವಂತ ಹೊಣೆ.

4. ಕ್ಷಮೆಯನ್ನು ಪಡೆಯುವ ಮುನ್ನ ಹಳೆಯ ಸಿಟ್ಟನ್ನು ಉಗ್ರಾಣಕ್ಕೆ ಮರಳಿಸತಕ್ಕದ್ದು. ಸಿಟ್ಟು ಸವೆದಿದ್ದಲ್ಲಿ ಎಲ್ಲಿ, ಯಾರ ಮೇಲೆ ಉಜ್ಜಲಾಯಿತೆಂದು ವಿವರಿಸತಕ್ಕದ್ದು.

5. ಪ್ರಸ್ತುತ ಪ್ರಕರಣದಲ್ಲಿ, ಅಂಗಡಿ ತುಂಬ ಗಿರಾಕಿಗಳಿದ್ದಾಗ "ಊರಿನ ಬೀಗ ಆಮೇಲೆ ನೋಡು, ಮೊದಲು ನಿನ್ನ ನಾಲಿಗೆಗೊಂದು ಬೀಗ ಮಾಡ್ಕೊ" ಎಂದು ಅಕ್ಕ ನುಡಿದದ್ದರಿಂದ ರಿಪೇರಿಯವನು ಮುನಿಸಿಕೊಂಡಿದ್ದನು. ತರುವಾಯ ರಾಜಿಯಾಗಲು ಅವಳ ಹೊಸಿಲಿಗೆ ಬಂದಿದ್ದು, ಬಾಗಿಲು ತಟ್ಟಲು ಎತ್ತಿದ ಕೈಯನ್ನು ಮಂಜೂರಾತಿ ಬರುವವರೆಗೆ ಎತ್ತಿಯೇ ಇಟ್ಟಿರತಕ್ಕದ್ದೆಂದು ಇಲಾಖೆಯು ಆದೇಶಿಸಿತ್ತು. ನೋವಾದಲ್ಲಿ ಕೈ ಬದಲಿಸಲು ಅವಕಾಶವಿತ್ತು. ಲೇಖಕಿಯವರು ಆದೇಶವನ್ನು ಚಾಚೂತಪ್ಪದೆ ಪಾಲಿಸಿ, ಅವನನ್ನು ಮೂರು ಅಧ್ಯಾಯಗಳುದ್ದಕ್ಕೂ ಹಾಗೆಯೇ ನಿಲ್ಲಿಸಿದ್ದು ಶ್ಲಾಘನೀಯ.

6. ಆದರೆ ಕಡತವು ಮೇಜಿನಿಂದ ಮೇಜಿಗೆ ಸಾಗುತ್ತಿದ್ದ ಅವಧಿಯಲ್ಲಿ, ಉಪಪಾತ್ರವಾದ ಅಕ್ಕನು ಒಳಗಿನಿಂದಲೇ "ಬೀಗ ಹಾಕೇ ಇಲ್ಲ ಕಣೋ ಪೆದ್ದಾ! ಅಲ್ಲೇ ನಿಂತು ಬೇರು ಬಿಡ್ಬೇಡ, ಬಾ" ಎಂದು ಕರೆದಿರುವುದು ಕಂಡುಬಂದಿದೆ. ಊರಿನ ಬೀಗಗಳನ್ನೆಲ್ಲ ತೆರೆದವನು ಹಾಕದ ಬೀಗದ ಮುಂದೆ ಇಷ್ಟು ಕಾಲ ನಿಂತದ್ದಕ್ಕೆ ನಾಚಿ, ಹಂತಗಳನ್ನೆಲ್ಲ ದಾಟಿ ಒಮ್ಮೆಲೇ ಒಳಹೋಗಿರುತ್ತಾನೆ. ಎರಡೂ ಕಣ್ಣುಗಳನ್ನು ಬಳಸಿರುತ್ತಾನೆ. ಲೇಖಕಿಯವರನ್ನು ವಿಚಾರಿಸಲಾಗಿ, "ನಾನು ಬರೀಲಿಲ್ಲ ಸ್ವಾಮಿ, ಅವನೇ ಹೋದ" ಎಂದಿರುತ್ತಾರೆ.

7. ವಿವರಣೆ ಕೇಳಲು ಹೋದ ಸಿಬ್ಬಂದಿಗೆ ಅಕ್ಕನು, "ನನ್ನ ತಮ್ಮನ್ನ ಕರೆಯೋಕೆ ನಿಮ್ಮ ಅಪ್ಪಣೆ ಯಾಕ್ರೀ? ಆ ಕಾಗದ ಆಚೆ ಇಟ್ಟು ಕೈ ತೊಳ್ಕೊಂಡು ಬನ್ನಿ, ಊಟ ಆರಿಹೋಗ್ತಿದೆ" ಎಂದಿರುತ್ತಾಳೆ. ಈ ಬಗ್ಗೆ ನಿಯಮಾವಳಿಯಲ್ಲಿ ಉಲ್ಲೇಖವಿಲ್ಲದ ಕಾರಣ ಸಿಬ್ಬಂದಿಯು ಕೈ ತೊಳೆದಿರುತ್ತಾರೆ.

8. ಆದುದರಿಂದ ರಿಪೇರಿಯವನು ಈ ಕೂಡಲೇ ಹೊರಬಂದು, ಮುನಿಸನ್ನು ಯಥಾಸ್ಥಿತಿಗೆ ತಂದುಕೊಂಡು, ಕೈ ಎತ್ತಿ ನಿಲ್ಲತಕ್ಕದ್ದು. ತಪ್ಪಿದಲ್ಲಿ ಕಾದಂಬರಿಯನ್ನು ಮುಗಿಯದಂತೆ ತಡೆಹಿಡಿಯಲಾಗುವುದು. ಅಂತಿಮ ತೀರ್ಮಾನಕ್ಕಾಗಿ ಹಸ್ತಪ್ರತಿಯನ್ನು ಮಾನ್ಯ ನಿರ್ದೇಶಕರು ಮೊನ್ನೆ ಸಂಜೆ ಮನೆಗೆ ಕೊಂಡೊಯ್ದಿರುತ್ತಾರೆ.

ಸಹಿ/-
(ನಿರ್ದೇಶಕರ ಪರವಾಗಿ)
ಪ್ರಭಾರ ಮೇಲ್ವಿಚಾರಕರು

ಪ್ರತಿಗಳು:
1. ಲೇಖಕಿಯವರಿಗೆ, ಪಾತ್ರಗಳನ್ನು ಹದ್ದುಬಸ್ತಿನಲ್ಲಿಡುವ ಸೂಚನೆಯೊಂದಿಗೆ.
2. ಬೀಗ ರಿಪೇರಿಯವನಿಗೆ, ಅಕ್ಕನ ಮನೆಯ ಹೊಸಿಲು. (ವಿಳಾಸದಲ್ಲಿ ಯಾರೂ ಇಲ್ಲವೆಂದು ಮರಳಿ ಬಂದಿದೆ.)
3. ಉಗ್ರಾಣಾಧಿಕಾರಿಗೆ: ನಿನ್ನೆ ಮುಂಜಾನೆ ಬಾಗಿಲಲ್ಲಿ ಯಾರೋ ಇಟ್ಟುಹೋದ ಬಹಳ ಹಳೆಯ, ಸ್ವಲ್ಪವೂ ಸವೆಯದ ಸಿಟ್ಟೊಂದನ್ನು ರಸೀತಿಯಿಲ್ಲದೆಯೇ ಜಮಾ ಮಾಡಿಕೊಳ್ಳಲು.
4. ಮಾನ್ಯ ನಿರ್ದೇಶಕರಿಗೆ, ಅವರ ತಮ್ಮನ ಮನೆಯ ವಿಳಾಸಕ್ಕೆ.