ಎರಡು ಬೇಸಿನ್, ಇಬ್ಬರು ಅಳಿಯಂದಿರು

ನಿಮ್ಮೆದುರು ಸುಳ್ಳು ಹೇಳಿದರೆ ನಾಳೆ ಬೆಳಿಗ್ಗೆ ನನ್ನ ಸೈಕಲ್ಲಿನ ಎರಡು ಟೈರೂ ಒಟ್ಟಿಗೇ ಪಂಕ್ಚರ್ ಆಗಲಿ. ಇದು ಎಪ್ಪತ್ತಾರನೇ ಇಸವಿಯಲ್ಲಿ, ರಾಜಾಜಿನಗರದ ನಮ್ಮ ಬೀದಿಯಲ್ಲೇ, ಹಾಡಹಗಲು ನಡೆದದ್ದು. ಟಗರೊಂದನ್ನು ಬಿಟ್ಟರೆ ಮಿಕ್ಕ ಸಾಕ್ಷಿಗಳೆಲ್ಲ ಇನ್ನೂ ಗಟ್ಟಿಮುಟ್ಟಾಗಿದ್ದಾರೆ.

ಗಿರಣಿಯಲ್ಲಿ ಸ್ಟೋರ್ ಕೀಪರ್ ಆಗಿದ್ದ ರೇವಣಸಿದ್ದಪ್ಪನವರಿಗೆ ಇಬ್ಬರು ಹೆಣ್ಣುಮಕ್ಕಳು, ಹಾಗಾಗಿ ಇಬ್ಬರು ಅಳಿಯಂದಿರು. ತೊಂದರೆ ಶುರುವಾದದ್ದು ಹಿಂದಿನ ವರ್ಷದ ದೀಪಾವಳಿಗೆ, ಮನೆಯಲ್ಲಿದ್ದ ಒಂದೇ ಒಂದು ವಾಶ್ ಬೇಸಿನ್ನಿನಿಂದ. ದಾವಣಗೆರೆಯ ದೊಡ್ಡ ಅಳಿಯ ಶಂಭುಲಿಂಗಪ್ಪ ಹೆಗಲಿಗೆ ಟವೆಲ್ ಹಾಕಿಕೊಂಡು ಬರುವಷ್ಟರಲ್ಲಿ ಹೊಸಪೇಟೆಯ ಚಿಕ್ಕ ಅಳಿಯ ಜಂಬಣ್ಣ ಕನ್ನಡಿ ಮುಂದೆ ನಿಂತು ಮೀಸೆ ತೀಡುತ್ತಿದ್ದ. ದೊಡ್ಡ ಅಳಿಯ ಕಾದ. ಚಿಕ್ಕವನು ಇನ್ನೊಂದು ಕಡೆಯ ಮೀಸೆಗೆ ಕೈ ಹಾಕಿದ.

"ದೊಡ್ಡ ಅಳಿಯ ಅಂದ್ರ ಈ ಮನ್ಯಾಗ ಸರದಿ ನಿಲ್ಲಾವ ಅಂತಾತು," ಎಂದ ಶಂಭುಲಿಂಗಪ್ಪ ಎಣ್ಣೆಸ್ನಾನವನ್ನೂ ಮಾಡದೆ ಹೆಂಡತಿಯನ್ನು ಕರೆದುಕೊಂಡು ಬಸ್ಸು ಹತ್ತಿದ. ಅಲ್ಲಿಂದ ಅಕ್ಕ ಜಗದಾಂಬಾಗೂ ತಂಗಿ ವತ್ಸಲಾಗೂ ಮಾತಿಲ್ಲ, ಕಾಗದವಿಲ್ಲ.

"ಈ ಸಲಾನೂ ಹಂಗೇ ಆದ್ರೆ, ನನ್ನ ಮಕ್ಕಳಿಬ್ಬರೂ ಒಟ್ಟಿಗೆ ಈ ಮನೆಗೆ ಬರೋದು ನಾನು ಸತ್ತ ದಿನಾನೇ," ಎಂದು ರೇವಣಸಿದ್ದಪ್ಪನವರ ಹೆಂಡತಿ ಶಿವಗಂಗಮ್ಮ ಸೆರಗು ಕಣ್ಣಿಗೊತ್ತಿದರು.

ರೇವಣಸಿದ್ದಪ್ಪ ಪಣ ತೊಟ್ಟರು. ಹಬ್ಬ ಹತ್ತಿರ ಬರುವಷ್ಟರಲ್ಲಿ ಬಚ್ಚಲಮನೆಯ ಗೋಡೆಗೆ ಒಂದೇ ಕಲ್ಲುಚಪ್ಪಡಿ, ಅದರ ಮೇಲೆ ಅವಳಿಜವಳಿಯ ಹಾಗೆ ಎರಡು ಬೇಸಿನ್. ಬೀದಿಗೆ ಬೀದಿಯೇ ನೋಡಲು ಬಂತು.

"ಏನ್ ರೇವಣಸಿದ್ದಪ್ನೋರೇ, ಊಟದ ಹೋಟ್ಲು ಓಪನ್ ಮಾಡ್ತಿದೀರಾ? ಕೈ ತೊಳ್ಯೋಕೆ ಲೈನಾಗಿ ಇಟ್ಟಿದೀರಲ್ಲ!" ಎಂದರು ಎದುರುಮನೆ ಅಕ್ಕಯ್ಯಮ್ಮ.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಉಳಿದದ್ದು ಕನ್ನಡಿ ಮತ್ತು ಲೈಟು. ಅಳಿಯಂದಿರು ಬರುವುದು ಮೂರು ಗಂಟೆಗೆ.

"ಒಂದೇ ದೊಡ್ಡ ಕನ್ನಡಿ ಹೊಡ್ದುಬಿಡಣ ಸಾರ್, ಸಲೀಸು," ಎಂದ ಬೈರಯ್ಯ. ಚಪ್ಪಡಿ ಕೂರಿಸಿದವನೂ ಅವನೇ, ವೈರಿಂಗ್ ಮಾಡುವವನೂ ಅವನೇ.

"ಒಂದೇ ಕನ್ನಡೀಲಿ ಇಬ್ಬರ ಮುಖಾನೂ ಕಂಡ್ರೆ ಮನೆಗೆ ಬೆಂಕಿ ಬೀಳುತ್ತೆ ಕಣಯ್ಯಾ. ಎರಡು ಹಾಕು. ಮಧ್ಯೆ ಒಂದು ಟ್ಯೂಬ್‌ಲೈಟ್ ಇರ್ಲಿ."

"ಟ್ಯೂಬ್‌ಲೈಟಾ?" ಅಕ್ಕಯ್ಯಮ್ಮ ಕಿಟಕಿಯಿಂದಲೇ ತಲೆ ಹಾಕಿದರು. "ಅದರ ಬೆಳಕಲ್ಲಿ ಎಂಥೋನೂ ಆಸ್ಪತ್ರೆಯಿಂದ ಎದ್ದುಬಂದೋನ ಥರ ಕಾಣ್ತಾನೆ. ಬಲ್ಬ್ ಹಾಕ್ಸಿ. ಆದ್ರೆ ಯಾರನ್ನಾದ್ರೂ ನಿಲ್ಸಿ ನೋಡ್ಕೊಂಡು ಹಾಕ್ಸಿ."

ಯಾರನ್ನು ನಿಲ್ಲಿಸುವುದು? ಜಂಬಣ್ಣ ಬಟ್ಟೆ ಒಣಹಾಕುವ ಗಳುವಿನ ಹಾಗೆ ಉದ್ದ, ಸಣಕಲು. ಬೈರಯ್ಯನೂ ಹಾಗೇ ಇದ್ದ. ಶಂಭುಲಿಂಗಪ್ಪ ಕುಳ್ಳು, ದುಂಡಗೆ ರಾಗಿ ತುಂಬಿದ ಮೂಟೆ. ಎಲ್ಲರ ಕಣ್ಣೂ ಅಕ್ಕಯ್ಯಮ್ಮನ ಮೇಲೆ ಬಿತ್ತು.

ಅಕ್ಕಯ್ಯಮ್ಮ ಒಳಗೆ ಬಂದು ಹೆಗಲಿಗೆ ಟವೆಲ್ ಹಾಕಿಕೊಂಡು ಬಲಗಡೆಯ ಬೇಸಿನ್ ಮುಂದೆ ಗತ್ತಾಗಿ ನಿಂತರು. ದೊಡ್ಡ ಅಳಿಯನ ಬೋಳುತಲೆಯ ಲೆಕ್ಕಕ್ಕೆ ಶಿವಗಂಗಮ್ಮ ಒಂದು ಸ್ಟೀಲ್ ಬೋಸಿ ತಂದು ಅವರ ತಲೆ ಮೇಲೆ ಕವುಚಿದರು. ಬೈರಯ್ಯ ನೆತ್ತಿಯ ಮೇಲೆ ಬಲ್ಬ್ ಹಿಡಿದು ಸ್ವಿಚ್ ಒತ್ತಿದ್ದೇ ತಡ, ಬೋಸಿ ಲಾರಿಯ ಹೆಡ್‌ಲೈಟಿನಂತೆ ಹೊಳೆದು ರೇವಣಸಿದ್ದಪ್ಪ ಕಣ್ಣು ಮುಚ್ಚಿಕೊಂಡರು.

"ಮೇಲೆ ಬೇಡ! ಪಕ್ಕಕ್ಕೆ, ಕಿವಿ ನೇರಕ್ಕೆ ಹಾಕು! ಒಂದೊಂದು ಕನ್ನಡಿಗೆ ಎರಡೆರಡು!"

"ಅದಿರ್ಲಿ ಮಾವ," ಎಂದರು ಬೋಸಿಯೊಳಗಿನಿಂದ ಅಕ್ಕಯ್ಯಮ್ಮ, "ನನಗಿನ್ನೂ ಉಪ್ಪಿಟ್ಟು ಬಂದಿಲ್ಲ. ಚಿಕ್ಕ ಅಳಿಯಂಗೆ ಕೊಟ್ಟಾಯ್ತಾ? ಹಂಗಾದ್ರೆ ನಾನು ಬಸ್ ಹತ್ತೋದೇ!"

ಉಪ್ಪಿಟ್ಟು ತಿನ್ನಿಸಿ ಅವರನ್ನು ಸಮಾಧಾನ ಮಾಡುವಷ್ಟರಲ್ಲಿ ಹನ್ನೊಂದಾಯಿತು. ರೇವಣಸಿದ್ದಪ್ಪ ಸೈಕಲ್ ಹತ್ತಿ ಮಾಗಡಿ ರಸ್ತೆಯ ಗಾಜಿನಂಗಡಿಗೆ ಹೋದರು. ಒಂದೇ ಅಳತೆಯ, ಒಂದೇ ಚೌಕಟ್ಟಿನ ಎರಡು ಕನ್ನಡಿ ಆರಿಸಿ, ಬೆನ್ನಿಗೆ ಬೆನ್ನು ಸೇರಿಸಿ ಕ್ಯಾರಿಯರ್‌ಗೆ ಕಟ್ಟಿಸಿಕೊಂಡರು. ಮಟನ್ ಅಂಗಡಿಯ ಮುಂದೆ ಒಂದು ಟಗರನ್ನು ಕಟ್ಟಿಹಾಕಿದ್ದರು. ಸೈಕಲ್ ದಾಟುವಾಗ ಅದಕ್ಕೆ ಕನ್ನಡಿಯಲ್ಲಿ ತನ್ನಷ್ಟೇ ದಪ್ಪದ, ತನ್ನಂತೆಯೇ ದುರುಗುಟ್ಟುವ ಇನ್ನೊಂದು ಟಗರು ಕಂಡಿತು. ಹಗ್ಗ ಕಿತ್ತುಕೊಂಡು ಬಂದು ಗುದ್ದಿತು ನೋಡಿ! ಈ ಕಡೆ ಟಗರು, ಆ ಕಡೆ ಸೈಕಲ್, ಮಧ್ಯೆ ಚರಂಡಿಯಲ್ಲಿ ರೇವಣಸಿದ್ದಪ್ಪ. ಎರಡು ಕನ್ನಡಿಯೂ ಪುಡಿಪುಡಿ.

ಬಟ್ಟೆ ಕೊಡವಿಕೊಂಡು ಮತ್ತೆ ಅಂಗಡಿಗೆ ಓಡಿದರು. ಅಂಗಡಿಯವನು ತಲೆ ಕೆರೆದುಕೊಂಡ.

"ಆ ಅಳತೇಲಿ ಇನ್ನೆರಡೇ ಇರೋದು ಸಾರ್. ಯಾರೂ ಒಯ್ಯಲ್ಲ. ಗಾಜು ಸ್ವಲ್ಪ ಡೊಂಕು. ಒಂದು ಮುಖಾನ ಎಳೆಯುತ್ತೆ, ಇನ್ನೊಂದು ಹಿಗ್ಗಿಸುತ್ತೆ."

ಇಣುಕಿ ನೋಡಿದರೆ ಒಂದರಲ್ಲಿ ಪಡವಲಕಾಯಿ, ಇನ್ನೊಂದರಲ್ಲಿ ಕುಂಬಳಕಾಯಿ. ಗಂಟೆ ಆಗಲೇ ಒಂದು. ಬೇರೆ ದಾರಿಯಿಲ್ಲದೆ ತಂದರು.

ಮನೆಯಲ್ಲಿ ಶಿವಗಂಗಮ್ಮ ಹಣೆ ಚಚ್ಚಿಕೊಂಡರು. ಆಗ ಅಕ್ಕಯ್ಯಮ್ಮ ಸುಮ್ಮನಿರಲಾರದೆ ಪಡವಲಕಾಯಿ ಕನ್ನಡಿಯ ಮುಂದೆ ನಿಂತರು. ನಿಂತವರು ಹಾಗೇ ನಿಂತುಬಿಟ್ಟರು.

"ಅಯ್ಯೋ ಶಿವನೇ... ನಾನು ಇಷ್ಟ್ ಚೆನ್ನಾಗಿದೀನಾ? ನಮ್ಮನೆಯವರು ಒಂದ್ ದಿನಾನಾದ್ರೂ ಹೇಳ್ಬಾರದಾ?"

ರೇವಣಸಿದ್ದಪ್ಪನವರ ತಲೆಯೊಳಗೆ ನಾಲ್ಕು ಬಲ್ಬೂ ಒಟ್ಟಿಗೆ ಹತ್ತಿಕೊಂಡವು. "ಬೈರಯ್ಯಾ! ಎಳೆಯೋದು ಬಲಕ್ಕೆ, ದೊಡ್ಡ ಅಳಿಯಂಗೆ! ಹಿಗ್ಗಿಸೋದು ಎಡಕ್ಕೆ, ಚಿಕ್ಕೋನಿಗೆ! ಬೇಗ!"

ಮೂರು ಗಂಟೆಗೆ ಎರಡು ಆಟೋ ಬಂದು ನಿಂತವು. ಅಳಿಯಂದಿರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅಕ್ಕತಂಗಿಯರಲ್ಲಿ ಒಬ್ಬಳು ತುಳಸಿಕಟ್ಟೆ ನೋಡಿದಳು, ಇನ್ನೊಬ್ಬಳು ಆಕಾಶ ನೋಡಿದಳು. ಯಾರೂ ಮುಂದಾಗಬಾರದು, ಯಾರೂ ಹಿಂದಾಗಬಾರದು ಎಂದು ರೇವಣಸಿದ್ದಪ್ಪ ಇಬ್ಬರ ಕೈಯನ್ನೂ ಹಿಡಿದು, ತಾವು ಹಿಮ್ಮುಖವಾಗಿ ನಡೆಯುತ್ತ ಬಚ್ಚಲಮನೆಗೆ ಕರೆದೊಯ್ದರು. ಬಾಗಿಲಿನಲ್ಲಿ ಇಬ್ಬರೂ ಒಟ್ಟಿಗೆ ಸಿಕ್ಕಿಕೊಂಡರು. ಹಿಂದಿನಿಂದ ಬೈರಯ್ಯ ದೊಡ್ಡವನನ್ನು ಬಲಕ್ಕೆ, ಚಿಕ್ಕವನನ್ನು ಎಡಕ್ಕೆ ತಳ್ಳಿದ.

ಲೈಟು ಹತ್ತಿತು. ಹೊರಗೆ ಶಿವಗಂಗಮ್ಮ ಇಷ್ಟಲಿಂಗವನ್ನು ಎದೆಗೊತ್ತಿ ಹಿಡಿದರು.

"ಏನ್ರೀ ಮಾವ," ಶಂಭುಲಿಂಗಪ್ಪನ ದನಿ ಮೆತ್ತಗಾಗಿತ್ತು. "ನಿಮ್ಮೂರಿನ ಗಾಳಿ ಬಡಿದ ಕೂಡ್ಲೆ ಮೈ ಇಳಿತೈತೇನ್ರಿ? ಮದುವ್ಯಾಗ ಹಿಂಗಿದ್ದೆ ನೋಡ್ರಿ ನಾನು!"

"ನಂಗ ನಮ್ಮೂರಾಗ ಎಲ್ಲಾರೂ ಕಡ್ಡಿ ಅಂತಾರ್ರೀ," ಎಂದ ಜಂಬಣ್ಣ ಎದೆಯುಬ್ಬಿಸಿ. "ಬರ್ಲಿ, ಈಗ ಬಂದು ನೋಡ್ಲಿ! ಪೈಲ್ವಾನ್ ಕಂಡಂಗ ಕಾಣ್ತೀನಿ!"

ಮನಸ್ಸು ತುಂಬಿದವರಿಗೆ ಮುನಿಸು ಎಲ್ಲಿ ನಿಲ್ಲುತ್ತದೆ? ದೊಡ್ಡ ಅಳಿಯ ಟವೆಲ್ಲಿನಿಂದ ಕಣ್ಣೊರಸಿಕೊಂಡ. "ತಮ್ಮಾ, ಹ್ವಾದ ವರ್ಷದ್ದು ಮನಸ್ನ್ಯಾಗ ಇಟ್ಕೋಬ್ಯಾಡ."

"ತಪ್ಪು ನಂದೈತಿ ಅಣ್ಣಾ!"

ಇಬ್ಬರೂ ತಬ್ಬಿಕೊಂಡರು. ಸುದ್ದಿ ಅಡಿಗೆಮನೆಗೆ ಹೋಯಿತು. ಐದು ನಿಮಿಷದಲ್ಲಿ ಅಲ್ಲಿ ಅಕ್ಕತಂಗಿಯರು ಕರಿಗಡುಬು ಕರಿಯುತ್ತ ಕಿಲಕಿಲ ನಗುತ್ತಿದ್ದರು. ಒಂದು ವರ್ಷದ ನಂತರ ಕೇಳಿದ ನಗು. ರೇವಣಸಿದ್ದಪ್ಪ ಅಂಗಳಕ್ಕೆ ಬಂದು ಎರಡೂ ಕೈ ಮೇಲೆತ್ತಿ ಎದುರುಮನೆಗೆ ಕೇಳುವ ಹಾಗೆ ಕೂಗಿದರು: "ಗೆದ್ದೆ ಅಕ್ಕಯ್ಯಮ್ನೋರೇ, ಗೆದ್ದೆ!"

ಒಳಗೆ ಜಂಬಣ್ಣ ಹೇಳುತ್ತಿದ್ದ: "ಅಣ್ಣಾ, ಇನ್ನ ನಮ್ಮೊಳಗ ನಿಂದು ನಂದು ಯಾಕ? ನೀ ನನ್ನ ಕಡೆ ಬಾ, ನಾ ನಿನ್ನ ಕಡೆ ನಿಲ್ತೀನಿ."

"ಬೇಡಾ!" ರೇವಣಸಿದ್ದಪ್ಪ ಓಡಿದರು. "ಬೇಡ್ರೀ, ಜಾಗ ಬದಲಾಯಿಸ್ಬೇಡಿ!"

ಅಷ್ಟರಲ್ಲಿ ಬದಲಾಯಿಸಿಬಿಟ್ಟಿದ್ದರು. ದುಂಡಗಿನ ಶಂಭುಲಿಂಗಪ್ಪ ಹಿಗ್ಗಿಸುವ ಕನ್ನಡಿಯಲ್ಲಿ ಚೌಕಟ್ಟು ಮೀರಿ ಹರಡಿಕೊಂಡಿದ್ದ. ಸಣಕಲು ಜಂಬಣ್ಣ ಎಳೆಯುವ ಕನ್ನಡಿಯಲ್ಲಿ ನೂಲಿನೆಳೆಯಾಗಿದ್ದ. ಇಬ್ಬರಿಗೂ ಸಿಟ್ಟು ನೆತ್ತಿಗೇರಿತು. ತನಗಾಗಿ ಅಲ್ಲ, ಪಕ್ಕದವನಿಗಾಗಿ.

"ಮಾವ! ಸಣ್ಣ ಅಳಿಯ ಅಂತ ನನ್ನ ತಮ್ಮಗ ಇಂಥಾ ಹಾಳು ಕನ್ನಡಿ ಹಚ್ಚೀರೇನು? ಪಾಪ, ಬಾಯಿ ಬಿಡದ ನಿಂತಿದ್ದ ಹುಡುಗ!"

"ನಮ್ಮಣ್ಣಂಗ ಕೊಟ್ಟಿದ್ದು ಇದಾ? ಎಷ್ಟು ದೊಡ್ಡ ಮನಸ್ಸಿನಾವ! ಇಂಥಾದ್ರಾಗ ಮುಖ ನೋಡ್ಕೊಂಡು ನಕ್ಕೋಂತ ನಿಂತಾನ!"

"ನಡಿ ತಮ್ಮಾ. ಭೇದ ಮಾಡೋ ಮನ್ಯಾಗ ಇರಾದು ಬ್ಯಾಡ. ದಾವಣಗೆರ್ಯಾಗ ಹಬ್ಬ ಮಾಡೋಣು."

"ನಡಿ ಅಣ್ಣಾ!"

ಕರಿಗಡುಬಿನ ಡಬ್ಬಿಯನ್ನು ಅಕ್ಕ ಒಂದು ಕಡೆ, ತಂಗಿ ಒಂದು ಕಡೆ ಹಿಡಿದುಕೊಂಡು ಹೊರಟರು. "ಅಪ್ಪಾಜಿ, ನನ್ನ ತಂಗಿ ಗಂಡಂಗೆ ನೀವು ಹಿಂಗ್ ಮಾಡ್ಬಾರ್ದಿತ್ತು," ಎಂದಳು ಜಗದಾಂಬಾ. "ನಮ್ಮ ಭಾವಂಗೆ ಮಾಡಿದ್ದು ಸರೀನಾ?" ಎಂದಳು ವತ್ಸಲಾ. ಬಾಣಲೆಯಲ್ಲಿ ಎಣ್ಣೆ ಇನ್ನೂ ಕಾದಿತ್ತು.

ರೇವಣಸಿದ್ದಪ್ಪ ಗೇಟಿನಲ್ಲಿ ನಿಂತು, ನಾಲ್ವರೂ ಬೀದಿಯ ತಿರುವು ದಾಟುವವರೆಗೂ ನೋಡಿದರು. ಆಮೇಲೆ ಹೆಂಡತಿಯ ಕಡೆ ತಿರುಗಿ ಮೀಸೆ ತಿರುವಿದರು.

"ನೋಡ್ದೇನೇ? ಇಬ್ಬರೂ ಸಮಸಮ ಕೋಪ ಮಾಡ್ಕೊಂಡು ಹೋದ್ರು. ಯಾರಿಗೂ ಒಂಚೂರು ಕಮ್ಮಿ ಮಾಡ್ಲಿಲ್ಲ ನಾನು!"

ಅಷ್ಟೇ ಕತೆ. ನಂಬಿದಿರೋ ಬಿಟ್ಟಿರೋ, ಕೇಳಿದ್ದಂತೂ ಆಯಿತು. ಇನ್ನು ಆ ಸಪ್ಲೈಯರ್‌ನನ್ನು ಕರೆದು ನನಗೊಂದು ಕಾಫಿ ಹೇಳಿ. ಬೈ-ಟು ಮಾತ್ರ ಬೇಡ ಸಾರ್. ಸಮಪಾಲು ಮಾಡಲು ಹೋದರೆ ಏನಾಗುತ್ತದೆ ಅಂತ ಈಗತಾನೇ ಕೇಳಿದಿರಲ್ಲ, ಫುಲ್ಲೇ ಹೇಳಿ.