ಮೂರು ನಿಮಿಷದ ಮಾಳಿಗೆ

ಪ್ರೇಮಕುಮಾರ ಮಾಡಿದ ತಪ್ಪು ಇಷ್ಟೆ: ಎರಡು ಗೊಂಬೆಗಳಿಗೆ ದನಿ ಕೊಡಲು ಊರಿನ ಇಬ್ಬರನ್ನು ಕರೆದ. ಬಂದವರು ಮೂವರು.

ಅವನು ಜೋಡಬೇವಿನಾಳದ ಗ್ರಂಥಾಲಯದ ಮೇಲ್ವಿಚಾರಕ. ಗ್ರಂಥಾಲಯವೆಂದರೆ ಹಾಲಿನ ಡೇರಿಯ ಮೂಲೆಯಲ್ಲಿರುವ ಎರಡು ಕಪಾಟು, ಅವುಗಳಲ್ಲಿ ಸಾವಿರದ ನೂರಾ ನಲವತ್ತು ಪುಸ್ತಕ. ಬೆಳಿಗ್ಗೆ ಹಾಲು ಅಳೆದು, ನೆಲ ತೊಳೆದು, ಕ್ಯಾನುಗಳನ್ನು ಪಕ್ಕಕ್ಕೆ ಸರಿಸಿದ ಮೇಲೆ ಕಪಾಟಿನ ಬಾಗಿಲು ತೆರೆಯುತ್ತದೆ. ಓದಲು ಬಂದವರು ಆ ಕ್ಯಾನುಗಳ ಮೇಲೆಯೇ ಕೂರುತ್ತಾರೆ. ಒಂದು ಕೋಣೆ ಕೊಡಿ ಎಂದು ಪ್ರೇಮಕುಮಾರ ಹನ್ನೊಂದು ವರ್ಷದಿಂದ ಅರ್ಜಿ ಬರೆಯುತ್ತಿದ್ದ. ಅವನ್ನೆಲ್ಲ ಒಟ್ಟಿಗೆ ಹೊಲಿದಿದ್ದರೆ ಗ್ರಂಥಾಲಯಕ್ಕೆ ಸಾವಿರದ ನೂರಾ ನಲವತ್ತೊಂದನೇ ಪುಸ್ತಕ ಸಿಗುತ್ತಿತ್ತು.

ಈ ಸಲ ‘ಅಕ್ಷರಬುತ್ತಿ’ ಎಂಬ ಟ್ರಸ್ಟಿನವರು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಪೈಕಿ ಕೋಣೆಯಿಲ್ಲದ ಒಂದು ಗ್ರಂಥಾಲಯಕ್ಕೆ ಎರಡು ಕಿಟಕಿಯ ಕೋಣೆ ಕಟ್ಟಿಸಿಕೊಡುವುದಾಗಿ ಪ್ರಕಟಿಸಿದ್ದರು. ‘ನಮ್ಮೂರ ಗ್ರಂಥಾಲಯ’ ಎಂಬ ಮೂರು ನಿಮಿಷದ ವಿಡಿಯೋ ಕಳಿಸಬೇಕು. ಅದೂ ಅನಿಮೇಷನ್ನೇ ಆಗಬೇಕು. ಹಿಂದಿನ ವರ್ಷ ಫೋನಿನಲ್ಲಿ ತೆಗೆದು ಕಳಿಸಿ ಎಂದಿದ್ದಕ್ಕೆ ಇಪ್ಪತ್ತಾರು ವಿಡಿಯೋ ಬಂದವಂತೆ. ಇಪ್ಪತ್ತರಲ್ಲಿ ಯಾರೋ ರಿಬ್ಬನ್ ಕತ್ತರಿಸುತ್ತಿದ್ದರಂತೆ. ಈ ದಿನ ಮಧ್ಯಾಹ್ನ ಮೂರು ಗಂಟೆಯೇ ಗಡುವು. ಫಲಿತಾಂಶ ಸಂಜೆ ಆರಕ್ಕೆ, ಫೋನಿನಲ್ಲಿ.

ದಾರಿ ತೋರಿಸಿದವಳು ಬಸ್ ನಿಲ್ದಾಣದ ಎದುರು ಜೆರಾಕ್ಸ್ ಅಂಗಡಿ ಇಟ್ಟಿರುವ ಜಾಸ್ಮಿನ. ಅವಳ ಕಂಪ್ಯೂಟರಿನಲ್ಲಿ ಚೌಕ ಇಟ್ಟಿಗೆಗಳಿಂದ ಮನೆ, ಬಾವಿ, ಊರು ಕಟ್ಟುವ ಆಟವಿತ್ತು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವಳೂ ವಿಜಯಪುರದಲ್ಲಿರುವ ಅವಳ ತಂಗಿಯೂ ಅದನ್ನು ಕೂಡಿ ಆಡುತ್ತಿದ್ದರು.

“ಆಟದಾಗ ಡೇರಿ ಕಟ್ಟತೇನಿ ಸರ್. ಒಂದು ಗೊಂಬಿ ನಾ ಆಡಸ್ತೇನಿ, ಇನ್ನೊಂದು ನಮ್ಮ ತಂಗಿ ಅಲ್ಲಿಂದ ಆಡಸ್ತಾಳ. ಪರದೆ ಮ್ಯಾಲಿಂದು ರೆಕಾರ್ಡ್ ಮಾಡಿ ದನಿ ಕೂಡಿಸಿದ್ರ ಆತು. ನೀವು ಕತಿ ಬರದು ಕೊಡ್ರಿ.”

ಪ್ರೇಮಕುಮಾರ ಒಂದೇ ಪುಟದಲ್ಲಿ ಬರೆದ. ಮುದುಕಿಯೊಬ್ಬಳು ಡೇರಿಗೆ ಬಂದು ಪುಸ್ತಕ ಕೇಳುತ್ತಾಳೆ, ಕ್ಯಾನಿನ ಮೇಲೆ ಕೂತು ಓದುತ್ತಾಳೆ. ಹಾಲಿನವನು ಬಂದು “ಏಳಬೇ, ಕ್ಯಾನು ಬೇಕು” ಎನ್ನುತ್ತಾನೆ. ಮುದುಕಿ ಪುಟದ ನಡುವೆ ಬೆರಳಿಟ್ಟುಕೊಂಡು ಎದ್ದು ನಿಲ್ಲುತ್ತಾಳೆ. ಕಡೆಗೆ ಒಂದೇ ಮಾತು: “ನಮ್ಮ ಗ್ರಂಥಾಲಯಕ್ಕ ಕೋಣಿ ಇಲ್ರಿ.” ಓದಿದ ಜಾಸ್ಮಿನ ಬಾಗಿಲಲ್ಲಿ ನಿಂತ ಗಿರಾಕಿಯನ್ನು ಮರೆತು ಮತ್ತೊಮ್ಮೆ ಓದಿದಳು.

ಮುದುಕಿಯ ದನಿಗೆ ಕಸ್ತೂರೆವ್ವ, ಹಾಲಿನವನ ದನಿಗೆ ನಿವೃತ್ತ ಮಾಸ್ತರ ಸಂಗಮೇಶ. ಒಂಬತ್ತು ಗಂಟೆಗೆ ಜೆರಾಕ್ಸ್ ಅಂಗಡಿಗೆ ಬನ್ನಿ ಎಂದು ಇಬ್ಬರಿಗೂ ಹೇಳಿದ್ದಾಗಿತ್ತು.

ಡೇರಿಗೆ ಹಾಲು ಹಾಕಿ, ಖಾಲಿ ತಂಬಿಗೆಯ ಸಮೇತ ಕಸ್ತೂರೆವ್ವ ಮೊದಲು ಬಂದಳು. ಪರದೆಗೆ ಮೂಗು ತಾಗಿಸಿ ನೋಡಿದಳು.

“ಯಾಕಿ ಈಕಿ? ತಲಿ ಸಕ್ಕರಿ ಡಬ್ಬಿ ಹಂಗೈತಿ!”

“ಅದು ನೀನಬೇ, ಆಯಿ,” ಎಂದ ಪ್ರೇಮಕುಮಾರ.

“ನಾನಾ? ನಾ ಕ್ಯಾನಿನ ಮ್ಯಾಲ ಕುಂತೇನಿ? ಲಚ್ಯಾಣದಾಗ ನಮ್ಮ ಬೀಗರದಾರ, ಅವರ ಕೈಯಾಗ ಫೋನ್ ಐತಿ. ಖುರ್ಚಿ ಇಲ್ಲದ ಮನಿಗೆ ಮಗಳನ್ನ ಕೊಟ್ಟೇವಿ ಅಂತ ಅವರು ಹೊಟ್ಟಿ ಉರಕೋಬೇಕೇನು? ಖುರ್ಚಿ ಹಾಕು. ಸೀರಿ ಇಳಕಲ್ಲದ್ದಿರಲಿ, ಕೆಂಪು ದಡಿ.”

ಜಾಸ್ಮಿನ ಖುರ್ಚಿ ಹಾಕಿದಳು. ಖುರ್ಚಿಯ ಪಕ್ಕದಲ್ಲಿ ಕ್ಯಾನುಗಳು ಹೊಂದಲಿಲ್ಲ, ತೆಗೆದಳು. ಕ್ಯಾನು ಹೋದ ಮೇಲೆ ಹಾಲಿನವನಿಗೆ ಕೆಲಸವೇ ಉಳಿಯಲಿಲ್ಲ.

ಸಂಗಮೇಶ ಮಾಸ್ತರರಿಗೆ ಇದರಿಂದ ಬೇಸರವಾಗಲಿಲ್ಲ. ನಲವತ್ತು ವರ್ಷ ಊರ ನಾಟಕಗಳಲ್ಲಿ ಪಾತ್ರ ಮಾಡಿದ ಅವರು ಮನೆಯಿಂದಲೇ ಹನ್ನೊಂದು ಪುಟ ಬರೆದುಕೊಂಡು ಬಂದಿದ್ದರು. “ಹಾಲಿನವನ ಪಾತ್ರ ನನಗ ಸಣ್ಣದಾಗತೈತಿ, ಪ್ರೇಮಕುಮಾರ. ನಾ ಜ್ಞಾನದ ಪಾತ್ರ ಮಾಡತೇನಿ.”

“ಜ್ಞಾನಕ್ಕ ಗೊಂಬಿ ಹೆಂಗ ಮಾಡೂದ್ರಿ, ಸರ್?” ಎಂದಳು ಜಾಸ್ಮಿನ.

“ಜರತಾರಿ ರುಮಾಲು ಸುತ್ತು. ಜ್ಞಾನ ಅಂತ ತಾನ ತಿಳೀತೈತಿ. ಅದು ಒಳಗ ಬಂದು, ಊರವರ ಅಜ್ಞಾನ ನೋಡಿ ಬಿಕ್ಕಿ ಬಿಕ್ಕಿ ಅಳಬೇಕು.”

“ಈ ಗೊಂಬಿಗೆ ಅಳೂದು ಬರಂಗಿಲ್ರಿ. ನಡೀತೈತಿ, ಜಿಗೀತೈತಿ, ಕೈ ಬೀಸತೈತಿ, ಗುದ್ದಲಿ ಹೊಡೀತೈತಿ. ಅಷ್ಟ.”

ಮಾಸ್ತರರು ಕಣ್ಣು ಮುಚ್ಚಿ ಯೋಚಿಸಿದರು. “ಹಂಗಾದ್ರ ಜಿಗಿಸು. ದುಃಖ ತಡ್ಯಾಕ ಆಗದಿದ್ರ ಮನಷ್ಯಾ ಜಿಗೀತಾನ.”

ವಿಜಯಪುರದ ತಂಗಿ ಜ್ಞಾನವನ್ನು ಜಿಗಿಸಿದಳು. ಪ್ರತಿ ಜಿಗಿತಕ್ಕೂ ರುಮಾಲು ಡೇರಿಯ ಛಾವಣಿಗೆ ಬಡಿದು ಜ್ಞಾನ ಕೆಳಗೆ ಕೂತುಬಿಡುತ್ತಿತ್ತು. ಛಾವಣಿಯನ್ನು ಎರಡು ಆಳು ಎತ್ತರಿಸಬೇಕಾಯಿತು. ಈಗ ಅದು ಡೇರಿಯಂತೆ ಕಾಣುತ್ತಿರಲಿಲ್ಲ. ಪ್ರೇಮಕುಮಾರ ತನ್ನ ಒಂದು ಪುಟವನ್ನು ಮಡಚಿ ಎದೆಯ ಕಿಸೆಯಲ್ಲಿಟ್ಟುಕೊಂಡ, ಮಳೆಯಲ್ಲಿ ನೆನೆದ ಮರಿಯನ್ನು ಬಚ್ಚಿಟ್ಟುಕೊಂಡವನಂತೆ.

ಅಷ್ಟರಲ್ಲಿ ಚನ್ನಬಸಯ್ಯನವರು ಯಾವುದೋ ಹೊಲದ ಉತಾರ ಜೆರಾಕ್ಸ್ ಮಾಡಿಸಲು ಬಂದರು. ಪಂಚಾಯಿತಿಗೆ ಅಧ್ಯಕ್ಷೆ ಅವರ ಹೆಂಡತಿ ಸುವರ್ಣಾ. ಸಹಿ ಆಕೆಯದು, ಉಳಿದದ್ದೆಲ್ಲ ಇವರದು. ಜ್ಞಾನ ಜಿಗಿಯುವುದನ್ನು ಮೆಚ್ಚಿ ನೋಡಿದರು. ಕಡೆಯ ಮಾತು ಕೇಳಿದ್ದೇ ಅವರ ಹುಬ್ಬು ಗಂಟಾಯಿತು.

“ಕೋಣಿ ಇಲ್ಲ? ಇದನ್ನ ನಾಲ್ಕು ತಾಲ್ಲೂಕಿನ ಮಂದಿ ನೋಡತಾರೇನು?”

“ನೋಡಲಿ ಅಂತನ ಬರದೇನ್ರಿ, ಅಯ್ಯಾರ.”

“ನಾಳೆ ಮುದ್ದೇಬಿಹಾಳದಾಗ ನಾ ತಲಿ ಎತ್ತಿ ಅಡ್ಯಾಡೂದು ಹೆಂಗೋ? ತಗಿ ಅದನ್ನ.”

“ಆ ಮಾತು ತಗದ್ರ ಕೋಣಿ ಯಾಕ ಕೊಡತಾರ್ರಿ?”

“ಚಲೋದು ತೋರಿಸಿದ್ರ ಚಲೋದು ಕೊಡತಾರ. ಡೇರಿ ಮೂಲಿ ನಿನಗ ಯಾರು ಕೊಟ್ಟಾರ? ಪಂಚಾಯ್ತಿ. ಕೊಟ್ಟವರಿಗೆ ತಗೋಳಾಕೂ ಬರತೈತಿ, ನೆನಪಿರಲಿ.”

ಪ್ರೇಮಕುಮಾರನಿಗೆ ಸಾವಿರದ ನೂರಾ ನಲವತ್ತು ಪುಸ್ತಕಗಳು ರಸ್ತೆಯ ಮೇಲೆ ಬಿದ್ದಂತೆ ಕಂಡವು. ಮಾತು ತೆಗೆಸಿದ.

“ಜಾಸ್ಮಿನಾ, ಮ್ಯಾಲೊಂದು ಮಾಳಿಗಿ ಏರಿಸವಾ,” ಎಂದರು ಅಯ್ಯನವರು.

ಆಟದಲ್ಲಿ ಸಿಮೆಂಟಿಗೆ ಕಾಯುವುದಿಲ್ಲ, ಇಟ್ಟಿಗೆ ಇಡುವ ಗೌಂಡಿ ಕೈಕೊಡುವುದಿಲ್ಲ. ಹನ್ನೆರಡು ನಿಮಿಷದಲ್ಲಿ ಮಾಳಿಗೆ ಎದ್ದಿತು. ಮುಂದೆ ಕಮಾನು, ಅದರ ಮೇಲೆ ಸುವರ್ಣಾ ಅವರ ಹೆಸರು, ಅದಕ್ಕಿಂತ ದಪ್ಪ ಅಕ್ಷರದಲ್ಲಿ ಚನ್ನಬಸಯ್ಯನವರದು. ಎಮ್ಮೆ ನೀರು ಕುಡಿಯಲೆಂದು ಕಸ್ತೂರೆವ್ವ ಒಂದು ಕಾರಂಜಿ ಹಾಕಿಸಿದಳು. ಉದ್ಘಾಟನೆ ಇಲ್ಲದೆ ಹೇಗೆ ಎಂದು ಅಯ್ಯನವರ ಗೊಂಬೆಯೂ ಬಂತು. ಆದರೆ ಆ ಗೊಂಬೆಗೆ ಕತ್ತರಿ ಹಿಡಿಯಲು ಬರುತ್ತಿರಲಿಲ್ಲ. ಗುದ್ದಲಿಯಿಂದಲೇ ರಿಬ್ಬನ್ನಿಗೆ ಹೊಡೆಯಿತು. ರಿಬ್ಬನ್ನಿನ ಜೊತೆ ಕಮಾನಿನ ಅರ್ಧವೂ ಕೆಳಗೆ ಬಂತು. ಉಳಿದದ್ದು ಸುವರ್ಣಾ ಅವರ ಹೆಸರು ಮಾತ್ರ.

“ನಮ್ಮ ಹೆಸರು ಎತ್ತವಾ, ಲಗೂನ ಎತ್ತು!” ಎಂದು ಅಯ್ಯನವರು ನಿಜವಾದ ಇಟ್ಟಿಗೆ ತಲೆಯ ಮೇಲೆ ಬಿದ್ದವರಂತೆ ಕೂಗಿದರು.

ಮತ್ತೆ ಕಟ್ಟಿ, ಮತ್ತೆ ಆಡಿಸಿ, ಮತ್ತೆ ದನಿ ಕೂಡಿಸುವಷ್ಟರಲ್ಲಿ ಎರಡೂವರೆ. ಮೂವರೂ ಊಟಕ್ಕೆ ಹೋದರು. ಪ್ರೇಮಕುಮಾರ ಕಿಸೆಯಿಂದ ಪುಟ ತೆಗೆದು ಹಿಂಬದಿಯಲ್ಲಿ ಒಂದು ಸಾಲು ಬರೆದ.

“ಅಕ್ಕಾರ, ಎಲ್ಲಾ ಮುಗದ ಮ್ಯಾಲ ಪರದೆ ಕರ್ರಗ ಮಾಡಿ ಇದೊಂದು ಹಾಕ್ರಿ.”

ಜಾಸ್ಮಿನ ಓದಿದಳು: ‘ಇದೆಲ್ಲ ನಾವು ಕಂಡ ಕನಸು. ನಮ್ಮ ಗ್ರಂಥಾಲಯ ಇರುವುದು ಹಾಲಿನ ಡೇರಿಯ ಮೂಲೆಯಲ್ಲಿ. ನಮಗೆ ಕೋಣೆ ಇಲ್ಲ.’

“ಅಯ್ಯಾರು ನೋಡಿದ್ರ?”

“ತಮ್ಮ ಹೆಸರು ಬಂದು ಹ್ವಾದ ಮ್ಯಾಲ ಅವರು ಮುಂದಿಂದು ನೋಡಂಗಿಲ್ರಿ.”

ಹಾಕಿದರು. ಮಾಳಿಗೆ, ಕಮಾನು, ಕಾರಂಜಿ, ಜಿಗಿಯುವ ಜ್ಞಾನ ಎಲ್ಲವೂ ಆ ಒಂದು ಸಾಲಿನಿಂದ ಎದೆ ಹಿಂಡುವಂತಾದವು. “ಮೊದಲಿಂದಕ್ಕಿಂತ ಚಲೋ ಆತ್ರಿ ಸರ್,” ಎಂದಳು ಜಾಸ್ಮಿನ. ಮೂರಕ್ಕೆ ಮೂರು ನಿಮಿಷ ಬಾಕಿ ಇರುವಾಗ ವಿಡಿಯೋ ಹೋಯಿತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಪ್ರೇಮಕುಮಾರ ಎರಡು ಕಪ್ ಚಹಾ ಕುಡಿದ.

ಸಂಜೆ ಆರಕ್ಕೆ ಎಲ್ಲರೂ ಅಂಗಡಿಯಲ್ಲಿದ್ದರು. ಚನ್ನಬಸಯ್ಯನವರು ಪೇಡೆಯ ಡಬ್ಬಿಯನ್ನೇ ಹಿಡಿದು ಬಂದಿದ್ದರು. ಫೋನು ಬಂತು. ಆ ಕಡೆ ಟ್ರಸ್ಟಿನ ಅನೀಲಕುಮಾರ. ದನಿ ಎಲ್ಲರಿಗೂ ಕೇಳುತ್ತಿತ್ತು.

“ಪ್ರೇಮಕುಮಾರ ಅವರ, ನಿಮ್ಮ ವಿಡಿಯೋ ನಮ್ಮ ಮೇಡಂ ಎರಡು ಸಲ ನೋಡಿದ್ರು. ಇಂಥಾ ಗ್ರಂಥಾಲಯ ನಾಲ್ಕೂ ತಾಲ್ಲೂಕಿನಾಗ ಇಲ್ಲ ಬಿಡ್ರಿ!”

ಕಸ್ತೂರೆವ್ವನ ಬಾಯಿಗೆ ಪೇಡೆ ಬಿತ್ತು.

“ಊರವರು ಮಾಳಿಗಿ ಕಟ್ಟಿಸ್ಯಾರ, ಎಮ್ಮಿಗೂ ಕಾರಂಜಿ ಇಟ್ಟಾರ. ಇನ್ನ ನಮ್ಮ ಸಣ್ಣ ಕೋಣಿ ನಿಮಗ ಕೊಟ್ರ ಹಾಸ್ಯ ಆಗತೈತ್ರಿ. ಅದನ್ನ ಇಂಡಿ ಕಡೆ ಒಂದು ಊರಿಗೆ ಕೊಟ್ವಿ. ಅವರ ವಿಡಿಯೋದಾಗ ಏನೂ ಇಲ್ಲ ಪಾಪ. ಒಂದು ಮುದುಕಿ ಸಿಮೆಂಟ್ ಚೀಲದ ಮ್ಯಾಲ ಕುಂತು ಓದತಾಳ, ಅಷ್ಟ.”

ಪ್ರೇಮಕುಮಾರ ಫೋನಿನ ಹತ್ತಿರಕ್ಕೆ ಬಾಗಿದ. “ಸರ್, ಕಡೀಕ ಕರೀ ಪರದೆ ಮ್ಯಾಲ ಒಂದು ಸಾಲಿತ್ತಲ್ರಿ?”

“ಮೂರು ನಿಮಿಷದ ಮ್ಯಾಲಿಂದು ತಾನ ಕಟ್ ಆಗತೈತ್ರಿ. ನಿಮ್ಮದರಾಗ ಕಡೀಕ ರುಮಾಲಿನ ಮನಷ್ಯಾ ಜಿಗಿದಿದ್ದ. ಮ್ಯಾಲ ಹೋಗಿದ್ದು ನೋಡಿದ್ವಿ. ಕೆಳಗ ಬಂದಿದ್ದು ನೋಡಲಿಲ್ಲ.”

“ಸರ್, ಅದೆಲ್ಲ ಬರೇ ಆಟದಾಗ ಕಟ್ಟಿದ್ದು…”

ಚನ್ನಬಸಯ್ಯನವರು ಫೋನು ಕಸಿದುಕೊಂಡರು. “ಹೌದ್ರಿ, ಹೌದು! ಆಟದಾಗಿಂದು ಏನೂ ಅಲ್ಲ, ಖರೇದು ಇನ್ನೂ ದೊಡ್ಡದೈತಿ! ಒಮ್ಮೆ ಬಂದು ನೋಡ್ರಿ!”

“ಅದನ್ನ ಕೇಳಬೇಕಂತಿದ್ವ್ರಿ,” ಎಂದ ಅನೀಲಕುಮಾರ ಹಿಗ್ಗಿನಿಂದ. “ಬಸವನ ಬಾಗೇವಾಡಿ ಕಡಿಂದ ಮೂವತ್ತೆರಡು ಮೇಲ್ವಿಚಾರಕರನ್ನ ಶುಕ್ರವಾರ ಹತ್ತಕ್ಕ ಕರಕೊಂಡು ಬರತೇವಿ. ಅವರೂ ಕಲೀಲಿ.”

ಫೋನು ನಿಂತಿತು. ಕಸ್ತೂರೆವ್ವನಿಗೆ ಎಮ್ಮೆ ನೆನಪಾಯಿತು. ಮಾಸ್ತರರಿಗೆ ಮೊಣಕಾಲು ನೋವು ನೆನಪಾಯಿತು. ಅಂಗಡಿಯಲ್ಲಿ ಉಳಿದವರು ಮೂವರೇ. ಚನ್ನಬಸಯ್ಯನವರು ಕಡೆಯ ಪೇಡೆಯನ್ನು ನಿಧಾನವಾಗಿ ನುಂಗಿ, ಬೆರಳು ಒರೆಸಿಕೊಂಡರು.

“ಮೊದಲ ಆ ಎರಡು ಕಪಾಟು ಡೇರಿಯಿಂದ ಎತ್ತು. ಬಂದವರ ಕಣ್ಣಿಗೆ ಬಿದ್ರ ಊರ ಮರ್ಯಾದಿ ಹೋಗತೈತಿ.”

“ಎಲ್ಲಿ ಇಡಲ್ರಿ?”

“ನಿಮ್ಮ ಮನ್ಯಾಗಿಡು.”

“ಮತ್ತ ಬಂದವರಿಗೆ ಏನು ತೋರಸಲ್ರಿ, ಅಯ್ಯಾರ?”

ಚನ್ನಬಸಯ್ಯನವರು ಚಪ್ಪಲಿ ಮೆಟ್ಟಿಕೊಳ್ಳುತ್ತ ಅವನ ಕಡೆ ನೋಡಿದರು. ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು.

“ಅದನ್ನ ನನ್ನ ಕೇಳತೀಯಲ್ಲೋ! ಕತಿ ಬರಿಯಾವ ನೀನೋ ನಾನೋ?”